ಬೆಂಗೇರಿಯ ಅಳತೆ, ಆವೃತ್ತಿಯ ಲೆಕ್ಕ

ಊರ ಜನ ಝೇಂಡಾ ಎಂದು ಕರೆಯುವ ರಾಷ್ಟ್ರಧ್ವಜವು ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಸಿದ್ಧವಾಗುವಾಗ, ಹೊಲಿಯುವ ಕೈ ಎಷ್ಟೇ ನುರಿತದ್ದಾಗಿದ್ದರೂ ಅದಕ್ಕೆ ಸ್ವಂತ ಅಳತೆಯೆಂಬುದಿಲ್ಲ. ಉದ್ದಕ್ಕೂ ಅಗಲಕ್ಕೂ ಮೂರಕ್ಕೆರಡರ ಪ್ರಮಾಣ. 6300 ಮಿಲಿಮೀಟರ್ ಉದ್ದದ ಮಹಾಧ್ವಜದಿಂದ 150 ಮಿಲಿಮೀಟರಿನ ಮೇಜಿನ ಬಾವುಟದವರೆಗೆ ಒಂಬತ್ತೇ ಗಾತ್ರ. ಚಕ್ರದ 24 ಅರೆಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದಕ್ಕೊಂದು ಹೊಂದಿ ಕೂಡಬೇಕು.

ಈ ನಿಯಮವಾದರೂ ಅಚಲವಾಗಿ ನಿಂತುದಲ್ಲ. ಭಾರತೀಯ ಮಾನಕಗಳಲ್ಲಿ ಒಂದನೆಯ ಸಂಖ್ಯೆಯನ್ನು ಪಡೆದ ಧ್ವಜದ ಮಾನಕವು 1951ರಲ್ಲಿ ಹೊರಬಂದು, ಮೆಟ್ರಿಕ್ ಪದ್ಧತಿಗೆ ಹೊಂದುವಂತೆ 1964ರಲ್ಲಿ ಪರಿಷ್ಕೃತವಾಗಿ, 1968ರ ಆಗಸ್ಟ್ 17ರಂದು ಮತ್ತೆ ತಿದ್ದುಪಡಿಗೊಂಡಿತು. ಹಳೆಯ ಪ್ರತಿಯನ್ನು ಮುಂದಿಟ್ಟುಕೊಂಡು ಹೊಲಿದ ಬಾವುಟವು ಎಷ್ಟು ಅಂದವಾಗಿದ್ದರೇನು, ಅದು ತಪ್ಪು ಬಾವುಟವೇ ಸರಿ.

ಯಾವ ಪ್ರತಿ ಸರಿಯಾದುದೆಂಬ ಇದೇ ಚಿಂತೆ ಕೋಡ್ ಬರೆಯುವವರ ಕಸುಬಿಗೂ ಬಂದೊದಗಿತು. ಯಾವ ಸಾಲನ್ನು ಯಾರು, ಯಾವಾಗ, ಏತಕ್ಕೆ ತಿದ್ದಿದರೆಂಬುದನ್ನು ದಾಖಲಿಸಲು ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಎಸ್‌ಸಿಸಿಎಸ್ ಎಂಬ ಉಪಕರಣವನ್ನು ರಚಿಸಿದನು. ಹತ್ತು ವರ್ಷಗಳ ತರುವಾಯ ವಾಲ್ಟರ್ ಟಿಷಿಯ ಆರ್‌ಸಿಎಸ್ ಬಂದಿತು. ಒಬ್ಬನು ಫೈಲನ್ನು ತಿದ್ದಲು ಕೈಗೆತ್ತಿಕೊಂಡರೆ ಮತ್ತೊಬ್ಬನು ಕಾಯಬೇಕೆಂಬುದು ಅಂದಿನ ಕಟ್ಟಳೆ. ಮುಂದೆ ಬಂದ ಸಿವಿಎಸ್ ಎಂಬ ಉಪಕರಣವು ಆ ಬೀಗವನ್ನು ಸಡಿಲಿಸಿತು. ಲಿನಕ್ಸ್ ಕರ್ನೆಲ್ ಬರೆಯುವವರಿಗೆ ಬಿಟ್‌ಕೀಪರ್ ಎಂಬ ಇಂಥದೇ ಉಪಕರಣದ ಉಚಿತ ಬಳಕೆ ತಪ್ಪಿಹೋದಾಗ, 2005ರ ಏಪ್ರಿಲಿನಲ್ಲಿ ಲಿನಸ್ ಟೊರ್ವಾಲ್ಡ್ಸನು ಆರಂಭಿಸಿದ ಗಿಟ್, ಸಮಗ್ರ ಚರಿತ್ರೆಯ ಪ್ರತಿಯನ್ನೇ ಪ್ರತಿಯೊಬ್ಬನ ಕೈಗಿತ್ತಿತು.

ಆದರೂ ಗಿಟ್ ಬಲ್ಲವನು ಎಲ್ಲ ಮನೆಯ ಲೆಕ್ಕವನ್ನೂ ಬಲ್ಲನೆನ್ನಲಾಗದು. ಸ್ಮಾಲ್‌ಟಾಕ್ ಭಾಷೆಯ ವಂಶದ ಸ್ಕ್ವೀಕ್, ಅದರಿಂದ 2008ರಲ್ಲಿ ಕವಲೊಡೆದ ಫಾರೋ, ಇವುಗಳ ಪರಿಸರದಲ್ಲಿ ಪ್ರೋಗ್ರಾಮು ಬಿಡಿಬಿಡಿ ಫೈಲುಗಳಲ್ಲಿರದೆ 'ಇಮೇಜ್' ಎಂಬ ಒಂದೇ ಜೀವಂತ ಭಂಡಾರದಲ್ಲಿ ನೆಲಸಿರುವುದರಿಂದ, ಸಾಲುಗಳನ್ನು ಹೋಲಿಸುವ ಅಭ್ಯಾಸದೊಡನೆ ಅಲ್ಲಿಗೆ ಹೋದ ವಿದ್ಯಾರ್ಥಿಗೆ ಹೋಲಿಸುವುದಕ್ಕೆ ಫೈಲೇ ಕಾಣದು. ತರಗತಿ (ಕ್ಲಾಸ್), ವಿಧಾನ (ಮೆಥಡ್) ಇವುಗಳ ಲೆಕ್ಕದಲ್ಲಿ ಬದಲಾವಣೆಯನ್ನು ಕಾಣುವ ಮಾಂಟಿಚೆಲ್ಲೊ ಆ ಮನೆಯ ಸ್ವಂತ ಕಡತ. ಫಾರೋ ಮುಂದೆ ಐಸ್‌ಬರ್ಗ್ ಎಂಬ ಉಪಕರಣದ ಮೂಲಕ ಗಿಟ್ಟನ್ನೂ ಒಳಗೆ ಕರೆದುಕೊಂಡಿತು. ಆದರೆ ಕರೆದುಕೊಂಡದ್ದು ತನ್ನ ರೀತಿಗೆ ಹೊಂದಿಸಿಕೊಂಡು.

ಆದುದರಿಂದ ಹೊಸ ಪರಿಸರವನ್ನು ಕಲಿಯಹೊರಟವನು ಉಪಕರಣಗಳ ಮೇಲುಕೀಳನ್ನು ಕುರಿತು ಚರ್ಚಿಸುತ್ತ ಕೂಡುವುದಕ್ಕಿಂತ, ಅಲ್ಲಿ ದುಡಿಯುವವರು ತಿದ್ದುಪಡಿಗಳನ್ನು ಯಾವುದರಲ್ಲಿ ಬರೆದಿಡುತ್ತಾರೋ ಅದನ್ನೇ ಮೊದಲು ಕೈಗೊಳ್ಳುವುದು ಲೇಸು. ತಪ್ಪಾದಾಗ ಕೈಹಿಡಿದು ತಿದ್ದಬಲ್ಲವರು ಆ ಕಡತವನ್ನು ಓದಬಲ್ಲವರೇ. ಬೆಂಗೇರಿಯಲ್ಲಿಯೂ ಬಟ್ಟೆಗೆ ಕತ್ತರಿ ತಾಗುವುದು ಅಳತೆ ಗೊತ್ತಾದ ಮೇಲೆಯೇ.