ಬ್ರಿಕ್ ಲೇನಿನ ಪ್ರಾರ್ಥನಾಮಂದಿರ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಕ್ರಿ.ಶ. 1196ರಲ್ಲಿ ನೆಲೆಗೊಂಡ ಅಮೃತೇಶ್ವರನು ಇಂದಿಗೂ ಅದೇ ಗುಡಿಯಲ್ಲಿ ಪೂಜೆಗೊಳ್ಳುತ್ತಿದ್ದಾನೆ. ದೇವಮಂದಿರವೆಂದರೆ ಹೀಗೆ ಒಂದೇ ದೈವಕ್ಕೆ ಮೀಸಲಾದುದೆಂದು ನಂಬಿ ಬೆಳೆದ ನಮಗೆ, ಲಂಡನ್ನಿನ ಬ್ರಿಕ್ ಲೇನ್ ಬೀದಿಯ ಮಸೀದಿಯ ಚರಿತ್ರೆ ವಿಸ್ಮಯಕರವಾಗಿ ತೋರುವುದು ಸಹಜ.

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯು 1685ರಲ್ಲಿ ನಾಂಟ್ ಶಾಸನವನ್ನು ರದ್ದುಪಡಿಸಿ, ಹ್ಯೂಗನಾಟರೆಂಬ ಪ್ರಾಟೆಸ್ಟೆಂಟ್ ಕ್ರೈಸ್ತರ ಆರಾಧನಾ ಸ್ವಾತಂತ್ರ್ಯವನ್ನು ಕಸಿದುಕೊಂಡನು. ದೇಶ ತೊರೆದವರಲ್ಲಿ ಅನೇಕ ರೇಷ್ಮೆ ನೇಕಾರರು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮಗ್ಗ ಹೂಡಿದರು. 1743ರಲ್ಲಿ ಅವರು ಕಟ್ಟಿಸಿದ ಇಟ್ಟಿಗೆಯ ಪ್ರಾರ್ಥನಾಮಂದಿರವೇ ಈ ಕಟ್ಟಡ. ಗೋಡೆಯ ನೆರಳುಗಡಿಯಾರದ ಮೇಲೆ ಆ ಇಸವಿಯೂ, ನಾವು ಬರಿಯ ನೆರಳೆಂಬ ಅರ್ಥದ ಲ್ಯಾಟಿನ್ ಬರೆಹವೂ ಈಗಲೂ ಕಾಣುತ್ತವೆ.

ಇಲ್ಲೊಂದು ಮಾತನ್ನು ಹೇಳದೆ ಮುಂದುವರಿಯಲಾಗದು. ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರಿಗೆ ಭಾರತದ ಅಚ್ಚಿನ ಹತ್ತಿಬಟ್ಟೆ ಕಣ್ಣುಕಿಸುರಾಗಿತ್ತು. 1719ರಲ್ಲಿ ಅವರು ದಂಗೆಯೆದ್ದು, ಅದನ್ನುಟ್ಟ ಹೆಂಗಸರ ಮೈಮೇಲಿಂದಲೇ ಬಟ್ಟೆಯನ್ನು ಹರಿದರು; ಅಂಥ ಬಟ್ಟೆಯ ಬಳಕೆಯನ್ನು ಪಾರ್ಲಿಮೆಂಟು 1721ರಲ್ಲಿ ನಿಷೇಧಿಸಿತು. ಆಶ್ರಯ ಬೇಡಿ ಬಂದವರು ನೆಲೆಸಿದ ಪೇಟೆಯಲ್ಲೇ ಈ ಅಸಹನೆ ಮೊಳೆತಿತೆಂಬುದು ವಿಷಾದಕರ. ಆ ಬಟ್ಟೆ ನೇಯುತ್ತಿದ್ದ ನಾಡುಗಳಲ್ಲೊಂದಾದ ಬಂಗಾಳದ ಜನರೇ ಮುಂದೆ ಅಲ್ಲಿಗೆ ವಾರಸುದಾರರಾಗಿ ಬಂದರು.

ಅದಕ್ಕೆ ಮೊದಲು ಕಟ್ಟಡವು ಹಲವು ಕೈ ಬದಲಿಸಿತು. ಫ್ರೆಂಚರ ಸಂತತಿ ಆಂಗ್ಲರಲ್ಲಿ ಬೆರೆತುಹೋದ ಮೇಲೆ, 1809ರಲ್ಲಿ ಯಹೂದಿಗಳನ್ನು ಕ್ರೈಸ್ತರನ್ನಾಗಿಸಲು ಹೊರಟ ಸಂಘವೊಂದು ಅಲ್ಲಿ ನೆಲೆಯೂರಿತು. 1819ರಲ್ಲಿ ಅದು ಮೆಥಡಿಸ್ಟರ ಪಾಲಾಯಿತು. 1898ರಲ್ಲಿ, ರಷ್ಯಾ ಸಾಮ್ರಾಜ್ಯದ ಹಿಂಸೆಯಿಂದ ಓಡಿಬಂದ ಯಹೂದಿಗಳು ಅದನ್ನೇ ತಮ್ಮ ಸಿನಗಾಗನ್ನಾಗಿ ಮಾಡಿಕೊಂಡರು! ಅವರೂ ಅನುಕೂಲವಂತರಾಗಿ ಬೇರೆ ಬಡಾವಣೆಗಳಿಗೆ ತೆರಳಿದರು. 1976ರಲ್ಲಿ ಅದು ಜಾಮಿ ಮಸೀದಿಯಾಯಿತು. ಪ್ರಾರ್ಥನೆಗೆ ಬಂದವರು ಬಹುಮಟ್ಟಿಗೆ ಬಾಂಗ್ಲಾದೇಶದ ಸಿಲ್ಹೆಟ್ ಪ್ರಾಂತದವರು.

ಈ ಬದಲಾವಣೆಗಳಲ್ಲಿ ಯಾವುದೂ ದಂಡಯಾತ್ರೆಯ ಫಲವಲ್ಲ. ಹ್ಯೂಗನಾಟರ ಮಂದಿರದಲ್ಲಿ ವಿಗ್ರಹವಿಲ್ಲ, ಗರ್ಭಗೃಹವಿಲ್ಲ. ಬೋಧನೆಯನ್ನಾಲಿಸಲು ಸೇರುವ ವಿಶಾಲವಾದ ಸಭಾಂಗಣ ಮಾತ್ರ. ಮೂರ್ತಿಯನ್ನೊಪ್ಪದ ಬೇರೆ ಮತದವರಿಗೂ ಅದು ಒದಗಿ ಬಂದುದರಲ್ಲಿ ಆಶ್ಚರ್ಯವಿಲ್ಲ.

ಕಟ್ಟಡವು ಹೊಸಬರನ್ನು ಒಪ್ಪಿದಷ್ಟು ಸುಲಭವಾಗಿ ಬೀದಿ ಒಪ್ಪಲಿಲ್ಲ. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ತರುಣ ಜವಳಿ ಕಾರ್ಮಿಕನು ಕೆಲಸ ಮುಗಿಸಿ ಮನೆಗೆ ಮರಳುವಾಗ ಸಮೀಪದಲ್ಲೇ ಜನಾಂಗದ್ವೇಷಕ್ಕೆ ಬಲಿಯಾದನು. ಹತ್ತು ದಿನಗಳ ತರುವಾಯ ಸಾವಿರಾರು ಮಂದಿ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಮಂತ್ರಿಗಳ ನಿವಾಸದವರೆಗೆ ನಡೆದರು. ಅವನು ಬಿದ್ದ ಸ್ಥಳದ ಬಳಿಯ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರನ್ನಿಟ್ಟರು. ಅದು ಹಿಂದೆ ಸಂತ ಮೇರಿಯ ಚರ್ಚು ಇದ್ದ ನೆಲ.