ಕುಟಿ, ಫೆಲಾ

1938–1997. ನೈಜೀರಿಯದ ಗಾಯಕ, ಸ್ಯಾಕ್ಸೊಫೋನ್ ವಾದಕ, ಆಫ್ರೋಬೀಟ್ ಸಂಗೀತದ ಪ್ರವರ್ತಕ. ಹುಟ್ಟಿದ್ದು ಅಬೆಯೊಕುಟ ಪಟ್ಟಣದಲ್ಲಿ. ತಂದೆ ಪಾದ್ರಿ, ಶಾಲೆಯ ಮುಖ್ಯೋಪಾಧ್ಯಾಯ. ತಾಯಿ ಫುನ್ಮಿಲಾಯೊ ರಾನ್ಸಮ್ ಕುಟಿ ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರನ್ನು ತೆರಿಗೆಯ ವಿರುದ್ಧ ಒಗ್ಗೂಡಿಸಿ, 1949ರಲ್ಲಿ ಅಲ್ಲಿನ ಅರಸ ಗದ್ದುಗೆ ಬಿಟ್ಟಿಳಿಯುವಂತೆ ಮಾಡಿದಾಕೆ. ಅಧಿಕಾರಕ್ಕೆ ಬಗ್ಗದ ಗುಣ ಮಗನಿಗೆ ಮನೆಯಿಂದಲೇ ಬಂದದ್ದು.

1958ರಲ್ಲಿ ವೈದ್ಯನಾಗಲೆಂದು ಲಂಡನ್ನಿಗೆ ಕಳಿಸಿದರೆ ಈತ ಸೇರಿದ್ದು ಟ್ರಿನಿಟಿ ಸಂಗೀತ ಕಾಲೇಜನ್ನು. ಊರಿಗೆ ಮರಳಿ ಜಾಸ್ ಮತ್ತು ಪಶ್ಚಿಮ ಆಫ್ರಿಕದ ಕುಣಿತದ ಸಂಗೀತವಾದ ಹೈಲೈಫ್ ಬೆರೆಸಿ ಕೆಲಕಾಲ ನುಡಿಸಿದರೂ ಹೆಸರು ಬರಲಿಲ್ಲ. 1969ರಲ್ಲಿ ಲಾಸ್ ಏಂಜಲೀಸಿನಲ್ಲಿದ್ದಾಗ ಸಾಂಡ್ರಾ ಸ್ಮಿತ್ ಎಂಬಾಕೆಯ ಮೂಲಕ ಕರಿಯರ ಹೋರಾಟದ ಪರಿಚಯವಾಯಿತು. ಹಾಡಿಗೆ ರಾಜಕೀಯ ಬಂದದ್ದು ಅಲ್ಲಿಂದಾಚೆಗೆ. ಈತನ ಸಂಗೀತದ ತಾಳವನ್ನು ರೂಪಿಸಿದವನು ತಂಡದ ಡ್ರಮ್ ವಾದಕ ಟೋನಿ ಅಲೆನ್. ಅವನಿಲ್ಲದ ಆಫ್ರೋಬೀಟ್ ಊಹಿಸುವುದು ಕಷ್ಟ. ಒಂದೊಂದು ಹಾಡು ಎಲ್‌ಪಿ ತಟ್ಟೆಯ ಒಂದಿಡೀ ಮಗ್ಗುಲನ್ನು ತುಂಬುತ್ತಿತ್ತು. ಗಾಯನ ಶುರುವಾಗುವ ಹೊತ್ತಿಗೆ ಕೇಳುಗರು ಆಗಲೇ ಕುಣಿಯುತ್ತಿರುತ್ತಿದ್ದರು. ಯೊರುಬಾ ಬಾರದವರಿಗೂ ತಿಳಿಯಲೆಂದು ಸಾಹಿತ್ಯವನ್ನು ಬೀದಿಯ ಪಿಜಿನ್ ಇಂಗ್ಲಿಷಿನಲ್ಲಿ ಬರೆದ.

ಲಾಗೋಸಿನ ತನ್ನ ಮನೆಯನ್ನು ‘ಕಲಕುಟ ಗಣರಾಜ್ಯ’ ಎಂದು ಕರೆದುಕೊಂಡ. ಅಪ್ಪಣೆ ಕೊಟ್ಟಂತೆ ನಡೆಯುವ ಸೈನಿಕರನ್ನು ಲೇವಡಿ ಮಾಡಿದ ‘ಜಾಂಬಿ’ ಹಾಡು ಸೇನಾಡಳಿತವನ್ನು ಕೆಣಕಿತು. 1977ರ ಫೆಬ್ರವರಿ 18ರಂದು ನೂರಾರು ಸೈನಿಕರು ಮನೆಗೆ ನುಗ್ಗಿ ಸುಟ್ಟರು. ಕಿಟಕಿಯಿಂದ ಎಸೆಯಲ್ಪಟ್ಟ ತಾಯಿ ಮರುವರ್ಷ ತೀರಿಕೊಂಡಳು. ಸರ್ಕಾರಿ ವಿಚಾರಣೆ ತಪ್ಪನ್ನು ‘ಅಪರಿಚಿತ ಸೈನಿಕ’ನ ತಲೆಗೆ ಕಟ್ಟಿ ಕೈತೊಳೆದುಕೊಂಡಿತು, ಈತ ಆ ಮಾತನ್ನೇ ಹಾಡಿನ ಹೆಸರಾಗಿಸಿದ. ತಾಯಿಯ ಸಾವನ್ನು ಪ್ರತಿಭಟಿಸಿ ಶವಪೆಟ್ಟಿಗೆಯೊಂದನ್ನು ಹೊತ್ತು ಸೇನಾಡಳಿತದ ಕೇಂದ್ರವಾಗಿದ್ದ ದೊಡಾನ್ ಬ್ಯಾರಕ್ಸಿನ ಬಾಗಿಲಿಗೂ ಹೋದ.

1978ರಲ್ಲಿ ಒಂದೇ ಸಮಾರಂಭದಲ್ಲಿ 27 ಹೆಂಗಸರನ್ನು ಮದುವೆಯಾದ. ಅವರಲ್ಲಿ ಹೆಚ್ಚಿನವರು ತಂಡದ ಗಾಯಕಿಯರು, ನರ್ತಕಿಯರು. ಇದನ್ನು ಆಫ್ರಿಕದ ಸಂಪ್ರದಾಯವೆಂದು ಸಮರ್ಥಿಸಿಕೊಂಡನಾದರೂ ಹೆಣ್ಣಿನ ವಿಷಯದಲ್ಲಿ ತಾಯಿಯ ಹೋರಾಟ ಮಗನನ್ನು ಮುಟ್ಟಲಿಲ್ಲವೆಂದೇ ಹೇಳಬೇಕು.

1984ರಲ್ಲಿ ಸೇನಾಡಳಿತಗಾರ ಬುಹಾರಿಯ ಸರ್ಕಾರ ವಿದೇಶಿ ಹಣ ಸಾಗಿಸಿದ ಆರೋಪದ ಮೇಲೆ ಈತನನ್ನು ಜೈಲಿಗೆ ಹಾಕಿತು. ಸುಮಾರು 20 ತಿಂಗಳ ಬಳಿಕ ಬಿಡುಗಡೆ. 1997ರ ಆಗಸ್ಟ್ 2ರಂದು ತೀರಿಕೊಂಡಾಗ ಕಾರಣ ಏಡ್ಸ್ ಎಂದು ಬಹಿರಂಗವಾಗಿ ಹೇಳಿದವನು ಮಾಜಿ ಆರೋಗ್ಯ ಸಚಿವನಾಗಿದ್ದ ಅಣ್ಣ ಒಲಿಕೋಯೆ. ಆ ಕಾಯಿಲೆಯ ಹೆಸರೆತ್ತಲು ನೈಜೀರಿಯದ ಮನೆಗಳು ಹಿಂಜರಿಯುತ್ತಿದ್ದ ಕಾಲ ಅದು. ಮಕ್ಕಳಾದ ಫೆಮಿ ಮತ್ತು ಶೆಯುನ್ ಇಬ್ಬರೂ ಸಂಗೀತಗಾರರು. ತಂದೆಯ ‘ಈಜಿಪ್ಟ್ 80’ ತಂಡವನ್ನು ಮುನ್ನಡೆಸಿದವನು ಕಿರಿಯ ಮಗ ಶೆಯುನ್.