ತನ್ನ ದಾರಿಯನ್ನು ತಾನೇ ಮಾಡಿಕೊಂಡ ಕಿರಣ

ಹಳೆಯ ಪಿಕ್ಚರ್ ಟ್ಯೂಬಿನ ಟೀವಿಯ ಹತ್ತಿರ ಕೈ ಒಯ್ದರೆ ತೋಳಿನ ರೋಮಗಳು ಎದ್ದು ನಿಲ್ಲುತ್ತಿದ್ದವು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಗಾಜು ಅವಾಹಕ, ಅದರ ಮೇಲೆ ಬಂದ ವಿದ್ಯುದಾವೇಶ ಸುಲಭವಾಗಿ ಹರಿದುಹೋಗದೆ ಅಲ್ಲಿಯೇ ಉಳಿಯುತ್ತದೆ. ಅಯಾನು ಕಿರಣಗಳೊಡನೆ ಪ್ರಯೋಗ ಮಾಡುವವರಿಗೆ ಇದೊಂದು ಕಾಟ. ಹೀಗೆ ಕೂಡಿಕೊಂಡ ಆವೇಶ ಕಿರಣವನ್ನು ದಾರಿ ತಪ್ಪಿಸುತ್ತದೆ. ಆ ಕಾಟವೇ ಉಪಕಾರಿಯಾದ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ರಂಧ್ರಗಳ ವಿಚಾರ. ವೇಗದ ಭಾರವಾದ ಅಯಾನು ಪ್ಲಾಸ್ಟಿಕ್ ಹಾಳೆಯನ್ನು ತೂರಿ ಹೋದರೆ ಅದರ ಜಾಡು ಉಳಿಯುತ್ತದೆ. ಆ ಜಾಡನ್ನು ರಾಸಾಯನಿಕದಿಂದ ಕರಗಿಸಿ ರಂಧ್ರ ಮಾಡುವ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಫ್ಲೈಷರ್, ಪ್ರೈಸ್ ಮತ್ತು ವಾಕರ್ ಬೆಳೆಸಿದರು.

ಬರ್ಲಿನ್ನಿನ ಹಾನ್-ಮೈಟ್ನರ್ ಸಂಸ್ಥೆಯ ನಿಕೋಲೌಸ್ ಸ್ಟೋಲ್ಟರ್‌ಫೋಟ್ ಮತ್ತು ಸಂಗಡಿಗರು ಇಂತಹ ಪಾಲಿಯೆಸ್ಟರ್ ಹಾಳೆಯೊಂದನ್ನು ತೆಗೆದುಕೊಂಡರು. ವಿಡಿಯೋ ಟೇಪಿಗೆ ಆಧಾರವಾಗಿದ್ದುದೂ ಪಾಲಿಯೆಸ್ಟರೇ. ಹಾಳೆಯ ದಪ್ಪ 10 ಮೈಕ್ರಾನ್. ರಂಧ್ರದ ವ್ಯಾಸ 100 ನ್ಯಾನೊಮೀಟರ್. ಎಂದರೆ ಪ್ರತಿಯೊಂದು ಲೋಮನಾಳದ ಉದ್ದ ಅದರ ಅಗಲದ ನೂರರಷ್ಟು. ಅದರೊಳಕ್ಕೆ 7 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ನಿಯಾನ್ ಅಯಾನುಗಳನ್ನು ಬಿಟ್ಟರು. ಅವುಗಳ ವೇಗ ಸೆಕೆಂಡಿಗೆ ಸುಮಾರು 170 ಕಿಲೋಮೀಟರ್. ಅಯಾನುಗಳ ಲೋಕದಲ್ಲಿ ಇದು ನಿಧಾನವೇ!

ಈಗ ನೀವೇ ಲೆಕ್ಕ ಹಾಕಿ. ನಾಳವನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಓರೆಮಾಡಿದರೆ ಸಾಕು, ನೇರ ಹೋಗುವ ಅಯಾನು ಗೋಡೆಗೆ ಬಡಿಯಲೇಬೇಕು. ಬಡಿದರೆ ಗೋಡೆಯಿಂದ ಎಲೆಕ್ಟ್ರಾನುಗಳನ್ನು ಪಡೆದು ತನ್ನ ಆವೇಶ ಕಳೆದುಕೊಳ್ಳಬೇಕು. ಆದರೆ 20 ಡಿಗ್ರಿಯವರೆಗೆ ಓರೆಮಾಡಿದರೂ ಅಯಾನುಗಳು ಆಚೆ ಬದಿಯಲ್ಲಿ ಹೊರಬಂದವು, ಅದೂ ನಾಳ ತೋರಿದ ದಿಕ್ಕಿನಲ್ಲಿಯೇ. ಬಹುಪಾಲು ಅಯಾನುಗಳ ಆವೇಶವೂ ಮೊದಲಿನಂತೆಯೇ ಇತ್ತು. ಈ ಫಲಿತಾಂಶ 2002ರಲ್ಲಿ ಪ್ರಕಟವಾಯಿತು.

ಕಾರಣವೇನು? ಮೊದಲು ಬಂದ ಅಯಾನುಗಳು ಗೋಡೆಗೆ ಬಡಿದು ತಮ್ಮ ಧನ ಆವೇಶವನ್ನು ಅಲ್ಲಿ ಬಿಟ್ಟವು. ಸಜಾತಿ ಆವೇಶಗಳು ವಿಕರ್ಷಿಸುತ್ತವೆಂದು ನೀವು ಓದಿದ್ದೀರಿ. ಹಿಂದೆ ಬಂದ ಅಯಾನುಗಳನ್ನು ಈ ಆವೇಶ ಗೋಡೆ ಮುಟ್ಟಗೊಡದೆ ನಾಳದ ಉದ್ದಕ್ಕೂ ತಿರುಗಿಸಿತು. ಆವೇಶ ಹೆಚ್ಚಾದರೆ ದಾರಿಯೇ ಮುಚ್ಚೀತು; ಆದರೆ ಹೆಚ್ಚಾದುದು ಮೆಲ್ಲಗೆ ಸೋರಿಹೋಗಿ ಸಮತೋಲ ಉಂಟಾಗುತ್ತದೆ. ಆದ್ದರಿಂದಲೇ ಆರಂಭದಲ್ಲಿ ಹೊರಬರುವ ಅಯಾನುಗಳು ಕಡಮೆ. ನಿಮಿಷಗಳು ಕಳೆದಂತೆ ಹೆಚ್ಚುತ್ತಾ ಹೋಗಿ ಸ್ಥಿರವಾಗುತ್ತವೆ.

ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣವನ್ನು ತಿರುಗಿಸಲು ಹೊರಗೆ ತಂತಿ ಸುರುಳಿಗಳು ಬೇಕಾಗಿದ್ದವು. ಇಲ್ಲಿ ಸುರುಳಿಯೂ ಇಲ್ಲ, ಸ್ವಿಚ್ಚೂ ಇಲ್ಲ. 2006ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯವರು ತುದಿ ಕಿರಿದಾದ ಗಾಜಿನ ನಾಳದಿಂದ ನಿಧಾನ ಅಯಾನುಗಳ ಸೂಕ್ಷ್ಮ ಕಿರಣವನ್ನೇ ಪಡೆದರು.

ಪ್ರಯೋಗಾಲಯದಲ್ಲಿ ನಿಮ್ಮ ಅಳತೆ ಪುಸ್ತಕಕ್ಕೆ ಹೊಂದದೆ ಹೋದರೆ ಅದನ್ನು ಅಳಿಸಿ 'ಸರಿಯಾದ' ಅಂಕಿ ಬರೆಯುವ ಆಸೆಯಾಗುತ್ತದೆ. ನನಗೂ ಆಗಿತ್ತು. ಅಳಿಸಬೇಡಿ. ಇನ್ನೊಮ್ಮೆ ಅಳೆಯಿರಿ. ಬರ್ಲಿನ್ನಿನವರು ಹಾಳೆಯನ್ನು ಓರೆಮಾಡಿ, ಬಾರದಿರಬೇಕಾದ ಅಯಾನುಗಳನ್ನೂ ಎಣಿಸಿದರು.